ಸಾವಿನ ಮನೆಯಲ್ಲಿ ಮಾತ್ರೆ ಡಬ್ಬಿ

ನಮ್ಮೂರಿನ ಹಿರಿಯ ನಾಗರಿಕರ ಸಂಘದವರು ತಿಂಗಳಿಗೊಮ್ಮೆ ಸಂಜೆ ಹೊತ್ತು ಯಾರನ್ನಾದರೂ ಕರೆಸಿ ಮಾತಾಡಿಸುತ್ತಾರೆ. ಈ ಸಲ ನನ್ನ ಸರದಿ. ಆಮೇಲೆ, ಬಾರದವರು ಕೇಳುತ್ತಿದ್ದಾರೆ, ಆಡಿದ್ದನ್ನು ಬರೆದುಕೊಡಿ ಎಂದರು. ಮೈಕ್ ಎರಡು ಸಲ ಕೈಕೊಟ್ಟಿದ್ದು, ಮಧ್ಯೆ ಕಾಫಿ ಬಂದಿದ್ದು ಬಿಟ್ಟರೆ ಮಾತು ಹೆಚ್ಚುಕಮ್ಮಿ ಹೀಗಿತ್ತು.

ಎಲ್ಲರಿಗೂ ನಮಸ್ಕಾರ.

ಕಾರ್ಯದರ್ಶಿಗಳು ಫೋನ್ ಮಾಡಿ, "ಡಾಕ್ಟ್ರೇ, ಈ ಸಲ ಶುಗರ್ ಬಗ್ಗೆ ಬೇಡ. ಕೇಳಿ ಕೇಳಿ ಈಗ ನಾವೇ ಭಾಷಣ ಮಾಡ್ತೀವಿ" ಎಂದರು. ಮತ್ತೇನು ಹೇಳಲಿ ಎಂದೆ. "ದುಃಖದಿಂದ ಜನ ನಿಜವಾಗ್ಲೂ ಸಾಯ್ತಾರಾ? ಅದನ್ನ ಹೇಳಿ" ಎಂದರು. ಅವರು ಯಾಕೆ ಕೇಳಿದರು ಅಂತ ನನಗೆ ಗೊತ್ತು. ಇಲ್ಲಿ ಕೂತಿರುವ ಬಹಳ ಜನರಿಗೂ ಗೊತ್ತು. ಮೊದಲ ಸಾಲಿನಲ್ಲಿ ಯಾವಾಗಲೂ ಜೊತೆಯಾಗಿ ಕೂರುತ್ತಿದ್ದ ಇಬ್ಬರು ಈಗ ಇಲ್ಲ. ಯಜಮಾನರು ಹೋದ ಎರಡೇ ತಿಂಗಳಿಗೆ ಅವರ ಮನೆಯವರೂ ಹೋದರು. "ಕೊರಗಿ ಕೊರಗಿ ಹೋದರು" ಅಂತ ನಾವೆಲ್ಲ ಹೇಳಿಕೊಂಡೆವು.

ಉತ್ತರ ಹೇಳುವ ಮುಂಚೆ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಹದಿನೈದು ವರ್ಷದ ಹಿಂದಿನ ಮಾತು. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ಬೆಳಿಗ್ಗೆ ತೋಟಕ್ಕೆ ಹೋದವರು ಮನೆಗೆ ವಾಪಸ್ ಬರಲಿಲ್ಲ. ದೊಡ್ಡಮ್ಮನಿಗೆ ಆಗ ಅರವತ್ತೆಂಟು. ಗಟ್ಟಿ ಹೆಂಗಸು, ಒಂದು ದಿನ ಆಸ್ಪತ್ರೆ ಮೆಟ್ಟಿಲು ಹತ್ತಿದವರಲ್ಲ. ಮೂರನೇ ದಿನ ಹಾಲು ತುಪ್ಪ. ಅವತ್ತು ಮಧ್ಯಾಹ್ನ ದೊಡ್ಡಮ್ಮ ನನ್ನ ಕರೆದು, "ಎದೆ ಮೇಲೆ ಒರಳು ಕಲ್ಲು ಇಟ್ಟಂಗಾಗ್ತಿದೆ ಮಗಾ" ಎಂದರು. ಹಣೆಯಲ್ಲಿ ಬೆವರು. ಸುತ್ತ ಇದ್ದ ಹೆಂಗಸರು, "ಪಾಪ, ಸಂಕಟ. ಅಳಲಿ ಬಿಡಿ, ಅತ್ತರೆ ಹಗುರ ಆಗುತ್ತೆ" ಎಂದರು. ಅವರದು ಸರಿ, ಅವರು ಡಾಕ್ಟರಲ್ಲ. ಡಾಕ್ಟರ್ ಆದ ನಾನು ಏನು ಮಾಡಿದೆ? "ಮೂರು ದಿನದಿಂದ ಹೊಟ್ಟೆಗೆ ಏನೂ ಹಾಕಿಲ್ಲ, ಗ್ಯಾಸ್ ಇರಬೇಕು" ಅಂತ ಒಂದು ಮಾತ್ರೆ ಕೊಟ್ಟು ಅಡುಗೆಯವರ ಲೆಕ್ಕ ನೋಡೋಕೆ ಹೋದೆ.

ಇದೇ ನೋವನ್ನು ಯಾರೋ ಗೊತ್ತಿಲ್ಲದ ಹೆಂಗಸು ನನ್ನ ಕ್ಲಿನಿಕ್ಕಿಗೆ ಬಂದು ಹೇಳಿದ್ದರೆ ಎರಡು ನಿಮಿಷದಲ್ಲಿ ಇಸಿಜಿ ಮಾಡಿಸುತ್ತಿದ್ದೆ. ಸಾವಿನ ಮನೆ ಆಗಿದ್ದರಿಂದ ಮಾಡಿಸಲಿಲ್ಲ.

ಸಂಜೆ ಅವರಿಗೆ ಉಸಿರು ಕಟ್ಟತೊಡಗಿತು. ಕಾರಿನಲ್ಲಿ ಹಾಕಿಕೊಂಡು ತುಮಕೂರಿಗೆ ಓಡಿದೆವು. ಇಸಿಜಿ ನೋಡಿದರೆ ದೊಡ್ಡ ಹಾರ್ಟ್ ಅಟ್ಯಾಕ್ ತರಹವೇ ಇತ್ತು. ಅಲ್ಲಿಂದ ಬೆಂಗಳೂರು. ರಾತ್ರಿಯೇ ಆಂಜಿಯೋಗ್ರಾಂ. ಹೃದಯಕ್ಕೆ ರಕ್ತ ಕೊಡುವ ನಾಳಗಳಲ್ಲಿ ಒಂದೇ ಒಂದು ಬ್ಲಾಕ್ ಇಲ್ಲ! ಎಲ್ಲ ಸ್ವಚ್ಛ. ಆದರೆ ಹೃದಯದ ಎಡ ಕೋಣೆಯ ತುದಿ ಬಲೂನಿನ ಹಾಗೆ ಊದಿಕೊಂಡಿದೆ, ಅಲುಗಾಡುತ್ತಲೇ ಇಲ್ಲ. ಅಲ್ಲಿದ್ದ ಚಿಕ್ಕ ವಯಸ್ಸಿನ ಹೃದ್ರೋಗ ತಜ್ಞರು ನನ್ನ ಕಡೆ ತಿರುಗಿ ಕೇಳಿದರು, "ಸಾರ್, ಇವರಿಗೆ ಈಚೆಗೆ ಏನಾದರೂ ದುಃಖ ಆಗಿತ್ತಾ?"

ಆ ಕಾಯಿಲೆಯ ಹೆಸರು ಟಾಕೊಟ್ಸುಬೊ. ಹಿರೋಷಿಮಾದ ವೈದ್ಯ ಹಿಕಾರು ಸಾತೊ ಮತ್ತು ಸಂಗಡಿಗರು 1990ರಲ್ಲಿ ಇಟ್ಟ ಹೆಸರು. ಜಪಾನಿನ ಮೀನುಗಾರರು ಆಕ್ಟೋಪಸ್ ಹಿಡಿಯಲು ಸಮುದ್ರದಲ್ಲಿ ಮಣ್ಣಿನ ಗಡಿಗೆ ಇಳಿಬಿಡುತ್ತಾರೆ. ಕುತ್ತಿಗೆ ಸಣ್ಣ, ಹೊಟ್ಟೆ ದುಂಡಗೆ. ಆಕ್ಟೋಪಸ್ ಅಡಗಲು ಒಳ್ಳೆ ಜಾಗ ಸಿಕ್ಕಿತು ಅಂತ ಒಳಗೆ ಹೋಗಿ ಕೂರುತ್ತದೆ, ಇವರು ಹಗ್ಗ ಎಳೆಯುತ್ತಾರೆ. ಆ ಗಡಿಗೆಯ ಹೆಸರೇ ಟಾಕೊಟ್ಸುಬೊ. ಊದಿಕೊಂಡ ಹೃದಯ ಹಿಂಡುವಾಗ ಮೇಲಿನ ಭಾಗ ಮಾತ್ರ ಕುಗ್ಗಿ, ತುದಿ ದುಂಡಗೇ ಉಳಿಯುತ್ತದಲ್ಲ, ಚಿತ್ರದಲ್ಲಿ ಥೇಟ್ ಆ ಗಡಿಗೆಯ ಆಕಾರ. ನಮ್ಮ ಕಡೆಯವರು ಮೊದಲು ಕಂಡಿದ್ದರೆ ಚೊಂಬು ಕಾಯಿಲೆ ಅಂತ ಕರೆಯುತ್ತಿದ್ದರೇನೋ. ನಗಬೇಡಿ, ಆಕಾರ ಅದೇ.

ದೊಡ್ಡಮ್ಮ ಒಂದು ವಾರ ಆಸ್ಪತ್ರೆಯಲ್ಲಿದ್ದರು. ಆರು ವಾರದ ಮೇಲೆ ಎಕೋ ಮಾಡಿಸಿದಾಗ ಹೃದಯ ಮಾಮೂಲಿನ ಹಾಗೆ ಬಡಿಯುತ್ತಿತ್ತು. ಆಮೇಲೆ ಹನ್ನೆರಡು ವರ್ಷ ಬದುಕಿದರು. ಯಾರಾದರೂ ವಿಚಾರಿಸಿದರೆ, "ನಿಮ್ಮ ದೊಡ್ಡಪ್ಪ ನನ್ನ ಎದೆನ ಊದಿಟ್ಟು ಹೋದರಲ್ಲೋ" ಅಂತ ನಗುತ್ತಿದ್ದರು. ನಾನು ಮಾತ್ರ ಜೊತೆಗೆ ನಕ್ಕಿಲ್ಲ.

ಏನಾಗುತ್ತದೆ ಒಳಗೆ? ನಿಮ್ಮ ಮೂತ್ರಪಿಂಡಗಳ ತಲೆಯ ಮೇಲೆ ಟೊಪ್ಪಿ ಇಟ್ಟ ಹಾಗೆ ಒಂದೊಂದು ಪುಟ್ಟ ಗ್ರಂಥಿ ಇದೆ. ಹಾವು ಕಂಡರೆ, ಲಾರಿ ಮೈಮೇಲೆ ಬಂದರೆ, ಅಲ್ಲಿಂದ ಅಡ್ರಿನಲಿನ್ ರಕ್ತಕ್ಕೆ ಬೀಳುತ್ತದೆ. ಎದೆ ಧಸಕ್ ಎನ್ನುವುದು ಅದರಿಂದಲೇ. ಬಿಪಿ ಏರುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆ ಬಿಡುತ್ತದೆ, ರಕ್ತ ಬೇಗ ಹೆಪ್ಪುಗಟ್ಟಲು ತಯಾರಾಗುತ್ತದೆ. ಓಡುವುದಕ್ಕೆ ಇಲ್ಲವೇ ಹೊಡೆದಾಡುವುದಕ್ಕೆ ಇದೆಲ್ಲ ಬೇಕು. ಗಾಯ ಆದರೆ ರಕ್ತ ನಿಲ್ಲಲಿ ಅಂತ ಹೆಪ್ಪುಗಟ್ಟುವ ಏರ್ಪಾಡು. ತೊಂದರೆ ಏನೆಂದರೆ, "ನಿಮ್ಮ ಯಜಮಾನರು ಹೋದರು" ಎನ್ನುವ ಫೋನ್ ಬಂದಾಗಲೂ ದೇಹಕ್ಕೆ ಗೊತ್ತಿರುವುದು ಇದೊಂದೇ ವಿದ್ಯೆ. ಓಡುವುದಕ್ಕೆ ಎಲ್ಲಿಗೂ ಇಲ್ಲ, ಹೊಡೆಯುವುದಕ್ಕೆ ಯಾರೂ ಇಲ್ಲ. ಕುರ್ಚಿಯಲ್ಲಿ ಕೂತಲ್ಲೇ ಅಷ್ಟೂ ಸುರಿಯುತ್ತದೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು 2005ರಲ್ಲಿ ಇಂಥ 19 ರೋಗಿಗಳ ರಕ್ತ ಪರೀಕ್ಷೆ ಮಾಡಿ ಬರೆದರು. ಅದರಲ್ಲಿ 18 ಜನ ಹೆಂಗಸರು. ಅಡ್ರಿನಲಿನ್ ಮತ್ತು ಅದರ ಅಣ್ಣತಮ್ಮಂದಿರ ಮಟ್ಟ ನಿಜವಾದ ದೊಡ್ಡ ಹಾರ್ಟ್ ಅಟ್ಯಾಕ್ ಆದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ ಇತ್ತು. ಅಷ್ಟು ಒಟ್ಟಿಗೆ ಬಂದು ಬಡಿದರೆ ಹೃದಯದ ಸ್ನಾಯು ಸ್ವಲ್ಪ ಕಾಲ ಮಂಕಾಗಿ ಕೂತುಬಿಡುತ್ತದೆ. ಸತ್ತಿರುವುದಿಲ್ಲ, ಗರ ಬಡಿದಿರುತ್ತದೆ. ಅದಕ್ಕೇ ವಾಪಸ್ ಸರಿಹೋಗುವುದು. ಅವರಿಗೆಲ್ಲ ಏನಾಗಿತ್ತು ಅಂದುಕೊಂಡಿರಿ? ಹತ್ತಿರದವರು ತೀರಿಕೊಂಡ ಸುದ್ದಿ, ಅಪಘಾತ, ದೊಡ್ಡ ಜಗಳ, ಕೋರ್ಟಿಗೆ ಹೋಗಬೇಕಾಗಿ ಬಂದದ್ದು. ಒಬ್ಬರಿಗೆ ಮನೆಯವರು ಹೇಳದೆ ಕೇಳದೆ ಏರ್ಪಾಡು ಮಾಡಿದ ಪಾರ್ಟಿ. ಇನ್ನೊಬ್ಬರಿಗೆ ಸಭೆಯಲ್ಲಿ ಭಾಷಣ ಮಾಡಬೇಕಲ್ಲ ಅನ್ನುವ ಭಯ. ಆದ್ದರಿಂದ ಇವತ್ತು ನನ್ನನ್ನು ಸ್ವಲ್ಪ ನೋಡಿಕೊಳ್ಳಿ.

ಸಂತೋಷಕ್ಕೂ ಹೀಗಾಗುವುದುಂಟು. ಹಲವು ದೇಶಗಳ ರೋಗಿಗಳ ದಾಖಲೆ ಒಟ್ಟು ಮಾಡಿದವರು, ಮನಸ್ಸಿನ ಆಘಾತದಿಂದ ಈ ಕಾಯಿಲೆ ಬಂದ 485 ಜನರನ್ನು ನೋಡಿದರು. 20 ಜನರಿಗೆ ಬಂದದ್ದು ಖುಷಿಯ ಸಂದರ್ಭದಲ್ಲಿ. ಆದರೂ ಲೆಕ್ಕ ನೋಡಿ, 485ರಲ್ಲಿ 20. ದುಃಖದ ಪಾಲೇ ದೊಡ್ಡದು. ಅದೇ ದಾಖಲೆಯ 1750 ರೋಗಿಗಳಲ್ಲಿ ನೂರಕ್ಕೆ ತೊಂಬತ್ತು ಹೆಂಗಸರು, ಸರಾಸರಿ ವಯಸ್ಸು ಅರವತ್ತಾರು ಅರವತ್ತೇಳು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎನ್ನುವ ಹೆಣ್ಣು ಹಾರ್ಮೋನ್ ಕಡಿಮೆಯಾಗುವುದಕ್ಕೂ ಇದಕ್ಕೂ ನಂಟಿದೆ ಎನ್ನುವ ಅನುಮಾನ ಇದೆ. ಇನ್ನೊಂದು ಮಾತು. ಸರಿಹೋಗುವ ಕಾಯಿಲೆ ಅಂತ ಸಸಾರ ಮಾಡುವ ಹಾಗಿಲ್ಲ. ಆಸ್ಪತ್ರೆಯಲ್ಲಿದ್ದಾಗಲೇ ನೂರಕ್ಕೆ ನಾಲ್ಕು ಜನ ತೀರಿಕೊಂಡಿದ್ದಾರೆ. ಕೆಲವರಿಗೆ ದುಃಖವೂ ಇಲ್ಲ, ಸಂತೋಷವೂ ಇಲ್ಲ, ಬೇರೆ ಕಾಯಿಲೆ, ಆಪರೇಷನ್ ಇಂಥ ದೇಹದ ಕಷ್ಟದಿಂದಲೇ ಬರುತ್ತದೆ. ಹೆಸರು ನೋಡಿ ಮೋಸ ಹೋಗಬಾರದು.

ಟಾಕೊಟ್ಸುಬೊ ಕಥೆ ಹೇಳೋಕೆ ಚೆನ್ನಾಗಿರುತ್ತದೆ, ಪತ್ರಿಕೆಯವರೂ ಅದನ್ನೇ ಬರೆಯುತ್ತಾರೆ. ಆದರೆ ನನಗೆ ಜಾಸ್ತಿ ಚಿಂತೆ ಇರುವುದು ಸಾದಾ ಹಾರ್ಟ್ ಅಟ್ಯಾಕ್ ಬಗ್ಗೆ. ನಮ್ಮ ವಯಸ್ಸಿನಲ್ಲಿ ರಕ್ತನಾಳದೊಳಗೆ ಒಂದಿಷ್ಟು ಕೊಬ್ಬು ಕಟ್ಟಿಕೊಂಡಿರುವುದು ಸಹಜ. ಹಳೇ ಮನೆಯ ನೀರಿನ ಪೈಪ್ ಇದ್ದ ಹಾಗೆ. ಬಿಪಿ ದಿಢೀರ್ ಏರಿದಾಗ ಆ ಕೊಬ್ಬಿನ ಗಂಟು ಬಿರಿಯಬಹುದು. ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ರಕ್ತ ಹೆಪ್ಪುಗಟ್ಟಲು ತಯಾರಾಗಿ ನಿಂತಿದೆ ಅಂತ ಆಗಲೇ ಹೇಳಿದೆನಲ್ಲ. ಮುಗಿಯಿತು.

1994ರ ಜನವರಿ 17ರ ಬೆಳಗಿನ ಜಾವ ನಾಲ್ಕೂವರೆಗೆ ಲಾಸ್ ಏಂಜಲಿಸ್‌ನಲ್ಲಿ ಭೂಕಂಪ ಆಯಿತು. ಆ ಜಿಲ್ಲೆಯಲ್ಲಿ ಅದರ ಹಿಂದಿನ ವಾರ ಹೃದಯ ನಿಂತು ಹಠಾತ್ತನೆ ಸಾಯುತ್ತಿದ್ದವರು ದಿನಕ್ಕೆ ಸುಮಾರು ಐದು ಜನ. ಅವತ್ತು ಒಂದೇ ದಿನ 24. ಗೋಡೆ ಬಿದ್ದು ಸತ್ತವರಲ್ಲ ಇವರು, ಗಾಬರಿಯಿಂದ ಹೃದಯ ನಿಂತವರು. ಫುಟ್‌ಬಾಲ್ ಮ್ಯಾಚಿಗೂ ಹೀಗಾಗಿದೆ. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ, ಜರ್ಮನಿ ಆಡಿದ ದಿನಗಳಲ್ಲಿ ಮ್ಯೂನಿಕ್ ಸುತ್ತ ಹೃದಯದ ತುರ್ತು ಕೇಸ್‌ಗಳು ಎರಡೂವರೆ ಪಟ್ಟು ದಾಟಿದವು. ಐಪಿಎಲ್ ನೋಡುವ ಯಜಮಾನರು ಇಲ್ಲಿ ಕೆಲವರಿದ್ದಾರೆ. ಆರ್‌ಸಿಬಿ ಅಭಿಮಾನಿಗಳಿಗೆ ನಾನು ಬೇರೆ ಏನೂ ಹೇಳಬೇಕಾಗಿಲ್ಲ.

ಈಗ ಸಾವಿನ ವಿಷಯ. ಹಾರ್ಟ್ ಅಟ್ಯಾಕ್ ಆಗಿ ಬದುಕಿದ 1985 ಜನರನ್ನು ಅಮೆರಿಕದಲ್ಲಿ ಕೂರಿಸಿ ಕೇಳಿದರು, ಈಚೆಗೆ ಯಾರಾದರೂ ಹತ್ತಿರದವರು ತೀರಿಕೊಂಡರಾ, ಯಾವಾಗ ಅಂತ. 2012ರಲ್ಲಿ ಲೆಕ್ಕ ಬಂತು. ಸಾವಿನ ಸುದ್ದಿ ತಿಳಿದ ಮೊದಲ ಇಪ್ಪತ್ತನಾಲ್ಕು ಗಂಟೆಯಲ್ಲಿ ಅಟ್ಯಾಕ್ ಆಗುವ ಸಂಭವ ಬೇರೆ ದಿನಕ್ಕಿಂತ 21 ಪಟ್ಟು. ಆಮೇಲೆ ದಿನದಿಂದ ದಿನಕ್ಕೆ ಇಳಿಯುತ್ತದೆ.

21 ಪಟ್ಟು ಅಂದ ಕೂಡಲೇ ಮುಖ ಸಪ್ಪಗೆ ಮಾಡಿಕೊಂಡಿರಿ. ಸ್ವಲ್ಪ ತಡೆಯಿರಿ. ಪಟ್ಟು ಅನ್ನುವ ಲೆಕ್ಕ ಯಾವಾಗಲೂ ಹೆದರಿಸುತ್ತದೆ. ಯಾವುದೋ ಒಂದು ದಿನ ನಿಮಗೆ ಅಟ್ಯಾಕ್ ಆಗುವ ಸಂಭವ ತೀರಾ ತೀರಾ ಸಣ್ಣದು. ಅದು 21 ಪಟ್ಟು ಆದರೂ ಸಣ್ಣದೇ. ಬ್ರಿಟನ್ನಿನಲ್ಲಿ ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ, ಅರವತ್ತು ದಾಟಿದ 30 ಸಾವಿರಕ್ಕೂ ಹೆಚ್ಚು ಜನರ ದಾಖಲೆ ನೋಡಿ 2014ರಲ್ಲಿ ಬರೆದಿದ್ದಾರೆ. ಮೊದಲ ಮೂವತ್ತು ದಿನದಲ್ಲಿ ಅಟ್ಯಾಕ್ ಅಥವಾ ಸ್ಟ್ರೋಕ್ ಆದವರು ಹತ್ತು ಸಾವಿರಕ್ಕೆ 16. ಜೋಡಿ ಇದ್ದವರಲ್ಲಿ ಹತ್ತು ಸಾವಿರಕ್ಕೆ 8. ಎರಡು ಪಟ್ಟು ಹೌದು, ಆದರೆ 9984 ಜನರಿಗೆ ಏನೂ ಆಗಲಿಲ್ಲ ಅನ್ನುವುದೂ ಅಷ್ಟೇ ನಿಜ. ದುಃಖ ಪಟ್ಟವರೆಲ್ಲ ಸಾಯುವುದಿಲ್ಲ. ಕಾರ್ಯದರ್ಶಿಗಳ ಪ್ರಶ್ನೆಗೆ ನನ್ನ ಉತ್ತರ ಅಷ್ಟೇ: ಸಾಯುತ್ತಾರೆ, ಆದರೆ ಅಪರೂಪ. ಅದರಲ್ಲೂ ಕೆಲವರನ್ನಾದರೂ ಉಳಿಸಿಕೊಳ್ಳಬಹುದು.

2021ರ ಅಕ್ಟೋಬರ್ 29 ನಿಮಗೆಲ್ಲ ನೆನಪಿರಬೇಕು. ಪುನೀತ್ ರಾಜ್‌ಕುಮಾರ್ ಹೋದ ದಿನ. ನಲವತ್ತಾರು ವಯಸ್ಸು. ಮಾರನೇ ದಿನದಿಂದ ಪತ್ರಿಕೆಗಳಲ್ಲಿ ಸುದ್ದಿ, ಇಲ್ಲಿ ಒಬ್ಬ ಅಭಿಮಾನಿ ಕುಸಿದು ಬಿದ್ದ, ಅಲ್ಲಿ ಇನ್ನೊಬ್ಬರು ಟಿವಿ ನೋಡುತ್ತಾ ಹೋದರು ಅಂತ. ಬೆಂಗಳೂರಿನ ಜಯದೇವದಲ್ಲಿ ಹೃದಯ ತಪಾಸಣೆಗೆ ಸಾಲುಗಟ್ಟಿ ನಿಂತರು. ನನ್ನ ಪುಟ್ಟ ಕ್ಲಿನಿಕ್ಕಿಗೂ ಆ ವಾರ ಮೂವತ್ತು ನಲವತ್ತು ವಯಸ್ಸಿನ ಗಂಡಸರು ಬಂದರು, ಎಂದೂ ಬಾರದವರು. "ಸಾರ್, ಎದೆ ಒಂಥರಾ" ಅಂತ. ಬಹುಪಾಲು ಜನರಿಗೆ ಏನೂ ಇರಲಿಲ್ಲ. ಕುಸಿದು ಹೋದ ಆ ಅಭಿಮಾನಿಗಳು ದುಃಖದಿಂದಲೇ ಹೋದರು ಅಂತ ಒಬ್ಬೊಬ್ಬರ ವಿಷಯದಲ್ಲಿ ಹೇಳುವುದು ಯಾರಿಗೂ ಸಾಧ್ಯವಿಲ್ಲ. ಒಳಗೆ ಮೊದಲೇ ಬ್ಲಾಕ್ ಇದ್ದವರೂ ಇರಬಹುದು. ಆದರೆ ಅವರೆಲ್ಲ ಸುಮ್ನೆ ನಾಟಕ ಮಾಡಿದರು, ಹುಚ್ಚು ಅಭಿಮಾನ ಅಂತ ಕೆಲವರು ಮಾತಾಡಿದ್ದು ಕೇಳಿ ನನಗೆ ಬೇಜಾರಾಯಿತು. ಕಣ್ಣಾರೆ ಭೇಟಿಯಾಗದ ಮನುಷ್ಯನಿಗಾಗಿ ಎದೆ ಹಿಂಡಬಹುದು. ಹಿಂಡಿದ್ದು ನಿಜವಾದ ಎದೆಯೇ.

ಇನ್ನು ನಿಧಾನದ ಕೊರಗು. ಕೊರಗು ಅನ್ನುವ ಪದ ನನಗೆ ಇಷ್ಟ. ಒಂದೇ ಏಟಿಗೆ ಒಡೆಯುವುದಲ್ಲ ಅದು, ದಿನಾ ಸ್ವಲ್ಪ ಸ್ವಲ್ಪ ಸವೆಯುವುದು. ಇಂಗ್ಲೆಂಡಿನಲ್ಲಿ ಕಾಲಿನ್ ಮರೀ ಪಾರ್ಕ್ಸ್ ಎಂಬ ಮನೋವೈದ್ಯರು ಮತ್ತು ಅವರ ಜೊತೆಗಾರರು, ಹೆಂಡತಿ ಸತ್ತ 4486 ಗಂಡಸರನ್ನು ಒಂಬತ್ತು ವರ್ಷ ಹಿಂಬಾಲಿಸಿ 1969ರಲ್ಲಿ ಬರೆದರು. ಎಲ್ಲ ಐವತ್ತೈದು ದಾಟಿದವರು. ಮೊದಲ ಆರು ತಿಂಗಳಲ್ಲೇ 213 ಜನ ಹೋದರು. ಅದೇ ವಯಸ್ಸಿನ, ಹೆಂಡತಿ ಇರುವ ಗಂಡಸರಲ್ಲಿ ಆಗುವುದಕ್ಕಿಂತ ಇದು ನೂರಕ್ಕೆ ನಲವತ್ತು ಜಾಸ್ತಿ. ಅತಿ ಹೆಚ್ಚು ಏರಿದ್ದು ಹೃದಯದ ಕಾಯಿಲೆಯ ಸಾವು. ಆರು ತಿಂಗಳ ಮೇಲೆ ನಿಧಾನವಾಗಿ ಎಲ್ಲರ ಸಮಕ್ಕೆ ಬಂತು.

ಇದರಲ್ಲಿ ಎಷ್ಟು ದುಃಖದ್ದು, ಎಷ್ಟು ಬೇರೆಯದು ಅಂತ ಬಿಡಿಸುವುದು ಕಷ್ಟ. ನಲವತ್ತು ವರ್ಷ ಒಂದೇ ಮನೆಯಲ್ಲಿ, ಒಂದೇ ಉಪ್ಪಿನಕಾಯಿ, ಒಂದೇ ಹೊಗೆ. ಒಬ್ಬರಿಗೆ ಬಿಪಿ ಇದ್ದರೆ ಇನ್ನೊಬ್ಬರಿಗೂ ಇರುವ ಸಾಧ್ಯತೆ ಜಾಸ್ತಿ. ಆಮೇಲೆ, ಯಾರು ಅಡುಗೆ ಮಾಡುತ್ತಿದ್ದರು, ಯಾರು "ಮಾತ್ರೆ ತಗೊಂಡ್ರಾ" ಅಂತ ಕೇಳುತ್ತಿದ್ದರು? ಹಲವು ದೇಶಗಳಲ್ಲಿ ಕಂಡದ್ದು ಇದು: ಜೊತೆಯವರು ಹೋದ ಮೇಲೆ ಗಂಡಸರೇ ಜಾಸ್ತಿ ಕುಸಿಯುತ್ತಾರೆ. ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮ ಕಡೆ ಎಷ್ಟೋ ಗಂಡಸರಿಗೆ ತಮ್ಮ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ. ಕೇಳಿದರೆ ಹೆಂಡತಿ ಮುಖ ನೋಡುತ್ತಾರೆ.

ಹೆಂಗಸರು ತಲೆ ಆಡಿಸುತ್ತಿದ್ದಾರೆ. ಇರಲಿ.

ಹೃದಯದ್ದೇ ಮಾತಾಡುತ್ತಿದ್ದೇನೆ, ಆದರೆ ನಮ್ಮ ಭಾಷೆ ನೋಡಿ. ದುಃಖವನ್ನು ಎದೆಗಿಂತ ಹೊಟ್ಟೆಯಲ್ಲೇ ಜಾಸ್ತಿ ಇಟ್ಟಿದ್ದೇವೆ. ಕರುಳು ಕಿತ್ತು ಬಂತು, ಹೊಟ್ಟೆ ಉರಿಯಿತು, ಹೊಟ್ಟೆಯಲ್ಲಿ ಸಂಕಟ, ಮಕ್ಕಳೆಂದರೆ ಕರುಳ ಕುಡಿ. ಸುಮ್ನೆ ಬಂದ ಮಾತುಗಳಲ್ಲ ಇವು. ಹೊಟ್ಟೆ ಮತ್ತು ಮೆದುಳಿನ ನಡುವೆ ದಪ್ಪ ನರದ ದಾರಿ ಇದೆ. ಎರಡೂ ಕಡೆಗೆ ಸುದ್ದಿ ಓಡಾಡುತ್ತಲೇ ಇರುತ್ತದೆ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎನ್ನುವವನಿಗೆ ಬಂದೂಕಿನ ಗುಂಡು ತಗುಲಿ, ಗಾಯ ಮಾಯ್ದರೂ ಹೊಟ್ಟೆಯಲ್ಲಿ ಒಂದು ಕಿಂಡಿ ಉಳಿದುಬಿಟ್ಟಿತು. ಅವನಿಗೆ ಚಿಕಿತ್ಸೆ ಕೊಟ್ಟ ವಿಲಿಯಂ ಬೋಮಂಟ್ ಆ ಕಿಂಡಿಯಿಂದ ವರ್ಷಗಟ್ಟಲೆ ಇಣುಕಿ ನೋಡಿ 1833ರಲ್ಲಿ ಪುಸ್ತಕ ಬರೆದ. ಸೇಂಟ್ ಮಾರ್ಟಿನ್ ಸಿಟ್ಟಾದಾಗ ಜಠರದ ಕೆಲಸ ಕೆಟ್ಟಿದ್ದನ್ನು ಕಣ್ಣಾರೆ ಕಂಡ. ಸಾವಿನ ಮನೆಯಲ್ಲಿ "ತುತ್ತು ಇಳೀತಿಲ್ಲ" ಅನ್ನುತ್ತಾರಲ್ಲ, ಅದು ನಖರಾ ಅಲ್ಲ. ಜಠರ ಆಗ ನಿಜಕ್ಕೂ ನಿಧಾನ ಆಗಿರುತ್ತದೆ. ಮುದ್ದೆ ಮುಂದಿಟ್ಟು ಬಲವಂತ ಮಾಡುವ ಬದಲು ಗಂಜಿ, ಮಜ್ಜಿಗೆ, ಎಳನೀರು ಸ್ವಲ್ಪ ಸ್ವಲ್ಪ ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಳನೀರು ಬೇಡ, ಅದೊಂದು ನೆನಪಿರಲಿ.

ಗಾಯ ಮಾಯುವುದೂ ತಡವಾಗುತ್ತದೆ. ಇದು ನನಗೆ ತುಂಬಾ ಹಿಡಿಸಿದ ಪ್ರಯೋಗ. ಅಮೆರಿಕದ ಓಹಿಯೋದಲ್ಲಿ ಜಾನಿಸ್ ಕೀಕೋಲ್ಟ್ ಗ್ಲೇಸರ್ ಎನ್ನುವ ಮನೋವಿಜ್ಞಾನಿ ಇದ್ದರು. ಮನೆಯಲ್ಲಿ ಮರೆವಿನ ಕಾಯಿಲೆಯ ಗಂಡನನ್ನೋ ತಾಯಿಯನ್ನೋ ನೋಡಿಕೊಳ್ಳುತ್ತಿದ್ದ 13 ಹೆಂಗಸರನ್ನು, ಅದೇ ವಯಸ್ಸಿನ ಆ ಹೊರೆ ಇಲ್ಲದ 13 ಹೆಂಗಸರನ್ನು ಕರೆದು, ಎಲ್ಲರ ತೋಳಿನಲ್ಲೂ ಒಂದೇ ಅಳತೆಯ ಪುಟ್ಟ ಗಾಯ ಮಾಡಿದರು. ಮೂರೂವರೆ ಮಿಲಿಮೀಟರ್, ಕಡಲೆ ಕಾಳಿಗಿಂತ ಸಣ್ಣದು. ರೋಗಿಯನ್ನು ನೋಡಿಕೊಳ್ಳುತ್ತಿದ್ದವರ ಗಾಯ ಮಾಯಲು ಒಂಬತ್ತು ದಿನ ಜಾಸ್ತಿ ಹಿಡಿಯಿತು. ಇದು 1995ರ ಮಾತು. ಹತ್ತು ವರ್ಷದ ಮೇಲೆ 42 ಗಂಡ ಹೆಂಡತಿ ಜೋಡಿಗಳನ್ನು ಕರೆಸಿ ಹೀಗೇ ಮಾಡಿದರು. ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದ ಜೋಡಿಗಳ ಗಾಯ, ಹೊಂದಿಕೊಂಡು ಮಾತಾಡುವ ಜೋಡಿಗಳ ಗಾಯ ಮಾಯುವ ವೇಗದ ನೂರಕ್ಕೆ ಅರವತ್ತರಷ್ಟೇ ವೇಗದಲ್ಲಿ ಮಾಯಿತು. ನನ್ನ ಹತ್ತಿರ ಶುಗರ್ ಇರುವವರು ಕಾಲಿನ ಗಾಯ ಮಾಯುತ್ತಿಲ್ಲ ಅಂತ ಬಂದಾಗ, ಈಗ ನಾನು ಶುಗರ್ ಎಷ್ಟಿದೆ ಅನ್ನುವುದರ ಜೊತೆ ಮನೆಯಲ್ಲಿ ಹೇಗಿದ್ದೀರಿ ಅಂತಲೂ ಕೇಳುತ್ತೇನೆ. ಕೆಲವರು ಅಳುತ್ತಾರೆ. ಕಂಪೌಂಡರ್‌ಗೆ ಇದು ಹಿಡಿಸುವುದಿಲ್ಲ, ಹೊರಗೆ ಕ್ಯೂ ಬೆಳೆಯುತ್ತೆ ಅಂತಾನೆ.

ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರ ತಂಡ 52 ದೇಶಗಳಲ್ಲಿ ಹಾರ್ಟ್ ಅಟ್ಯಾಕ್ ಯಾಕೆ ಆಗುತ್ತದೆ ಅಂತ ಹುಡುಕಿತು. 2004ರಲ್ಲಿ ಹೊರಬಂದ ಅವರ ಪಟ್ಟಿಯಲ್ಲಿ ಬೀಡಿ ಸಿಗರೇಟು, ಕೊಬ್ಬು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು ಇವುಗಳ ಪಕ್ಕದಲ್ಲೇ ಮನಸ್ಸಿನ ಒತ್ತಡವೂ ಇದೆ. ನಮ್ಮ ದೇಶವೂ ಅದರಲ್ಲಿತ್ತು. ಆದರೂ ಚೀಟಿ ಬರೆಯುವಾಗ ಮೊದಲಿನವನ್ನೆಲ್ಲ ಬರೆಯುತ್ತೇವೆ, ಕೊನೆಯದನ್ನು ಕೇಳುವುದೂ ಇಲ್ಲ.

ಹುಡುಗರ ವಿಷಯ ಒಂದೆರಡು ಮಾತು. ಹಿಂದಿನ ಸಾಲಿನಲ್ಲಿ ಮೊಮ್ಮಕ್ಕಳು ಕೂತಿದ್ದಾರೆ. ಲವ್ ಫೇಲ್ಯೂರ್ ಅಂದರೆ ನಾವು ಹಿರಿಯರು ನಗುತ್ತೇವೆ, "ವಯಸ್ಸಿನ ಆಟ, ಎರಡು ದಿನ ಇದ್ದು ಹೋಗುತ್ತೆ" ಅಂತ. 2011ರಲ್ಲಿ ಅಮೆರಿಕದಲ್ಲಿ, ಈಚೆಗೆ ಪ್ರೀತಿ ಮುರಿದುಬಿದ್ದ 40 ಜನರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಬಿಟ್ಟುಹೋದವರ ಫೋಟೋ ತೋರಿಸಿದರು. ಇನ್ನೊಮ್ಮೆ ತೋಳಿಗೆ ಚುರುಕ್ ಎನ್ನುವ ಹಾಗೆ ಬಿಸಿ ತಾಗಿಸಿದರು. ಮೆದುಳಿನಲ್ಲಿ ಎರಡಕ್ಕೂ ಬೆಳಗಿದ ಕೆಲವು ಜಾಗಗಳು ಒಂದೇ. ಆಮೇಲೆ ಬೇರೆಯವರು ಇನ್ನೂ ಸೂಕ್ಷ್ಮವಾಗಿ ನೋಡಿ, ಜಾಗ ಒಂದೇ ಆದರೂ ಒಳಗಿನ ವಿನ್ಯಾಸ ಬೇರೆ ಬೇರೆ ಎಂದರು. ಆದ್ದರಿಂದ ಪ್ರೀತಿ ಮುರಿದರೆ ಕೈ ಮುರಿದಂತೆ ಅಂತ ನಾನು ಹೇಳುವುದಿಲ್ಲ. ಒಂದೇ ಬೀದಿ, ಮನೆ ಬೇರೆ ಅಂದುಕೊಳ್ಳಿ. ಆದರೆ ಆ ಹುಡುಗ ಊಟ ಬಿಟ್ಟಿದ್ದು, ರಾತ್ರಿ ಮೂರಕ್ಕೆ ಎದ್ದು ಕೂತಿದ್ದು ಆಟ ಅಲ್ಲ. ಬದುಕು ಬೇಡ ಅನ್ನುವ ಮಾತು ಬಂದರೆ ನಗುವುದೂ ಬೇಡ, ಬೈಯುವುದೂ ಬೇಡ. 14416 ಅಂತ ಒಂದು ನಂಬರ್ ಇದೆ, ಟೆಲಿ ಮಾನಸ್. ದುಡ್ಡಿಲ್ಲ, ಯಾವ ಹೊತ್ತಿಗೆ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. ಫೋನಿನಲ್ಲಿ ಈಗಲೇ ಸೇವ್ ಮಾಡಿಕೊಳ್ಳಿ, ನಾನು ಕಾಯುತ್ತೇನೆ.

ಆಯಿತಾ? ಸರಿ.

ನಮ್ಮ ಹಳೇ ಪದ್ಧತಿಗಳ ಬಗ್ಗೆ ನಾನು ಒಂದು ಕಾಲದಲ್ಲಿ ತಾತ್ಸಾರ ಮಾಡುತ್ತಿದ್ದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ, ಅಕ್ಕಪಕ್ಕದವರು ಅನ್ನ ಸಾರು ತಂದುಕೊಡಬೇಕು. ರಾತ್ರಿ ಒಬ್ಬರನ್ನೇ ಮಲಗಲು ಬಿಡುವುದಿಲ್ಲ. ಹನ್ನೊಂದು ದಿನ ಯಾರಾದರೂ ಜೊತೆಯಲ್ಲಿ ಇರುತ್ತಾರೆ. ಹಳ್ಳಿಯಲ್ಲಿ ಹೆಂಗಸರು ಸುತ್ತ ಕೂತು ಹೋದವರ ಗುಣ ಹೇಳಿ ಹಾಡಿನ ಹಾಗೆ ಅಳುತ್ತಿದ್ದರು. ಅಪಾಯ ಜಾಸ್ತಿ ಇರುವುದು ಮೊದಲ ದಿನ, ಮೊದಲ ವಾರ ಅಂತ ಆಗ ಯಾರೂ ಲೆಕ್ಕ ಹಾಕಿರಲಿಲ್ಲ. ಆದರೂ ಸರಿಯಾಗಿ ಆ ದಿನಗಳಿಗೇ ಕಾವಲು ಕೂರಿಸಿದ್ದರು. ಎಲ್ಲ ಪದ್ಧತಿಯೂ ಒಳ್ಳೆಯದು ಅಂತ ಹೇಳುತ್ತಿಲ್ಲ. ಗಂಡ ಸತ್ತವಳಿಗೆ ಬಳೆ ಒಡೆದು, ಹೂವು ಕಿತ್ತು, ಮೂಲೆಗೆ ಕೂರಿಸುವುದು ದುಃಖದ ಮೇಲೆ ಬರೆ. ಅದನ್ನು ಮಾಡುವ ಮನೆಗೆ ನಾನು ಊಟಕ್ಕೆ ಹೋಗುವುದಿಲ್ಲ.

ಆದರೆ ಹದಿಮೂರನೇ ದಿನ ಸಿಹಿ ಊಟ ಮುಗಿಸಿ ಎಲ್ಲರೂ ಬಸ್ ಹತ್ತುತ್ತಾರೆ. ಮಕ್ಕಳು ಬೆಂಗಳೂರಿಗೆ, ಕೆಲವರು ಅಮೆರಿಕಕ್ಕೆ. ಹದಿನಾಲ್ಕನೇ ದಿನ ಬೆಳಿಗ್ಗೆ ಆ ಮನೆಯಲ್ಲಿ ಒಂದೇ ಲೋಟ ಕಾಫಿ. ಪಾರ್ಕ್ಸ್ ಅವರ ಲೆಕ್ಕದ ಆರು ತಿಂಗಳು ಇನ್ನೂ ಪೂರ್ತಿ ಬಾಕಿ ಇರುತ್ತದೆ. ನಾವು ಹೋಗಬೇಕಾದದ್ದು ಆಗ. ಹೋಗಿ ತತ್ವ ಹೇಳಬೇಡಿ. "ಹುಟ್ಟಿದವರು ಸಾಯಲೇಬೇಕು" ಅಂತ ಅವರಿಗೂ ಗೊತ್ತು. ಎರಡು ಇಡ್ಲಿ ಕಟ್ಟಿಸಿಕೊಂಡು ಹೋಗಿ, ಜೊತೆಯಲ್ಲಿ ಕೂತು ತಿನ್ನಿ. ನಿದ್ದೆ ಬಂತಾ ಕೇಳಿ. ಸಂಜೆ ಒಂದು ಸುತ್ತು ನಡೆಸಿಕೊಂಡು ಬನ್ನಿ. ಮಾತ್ರೆ ಡಬ್ಬಿ ತೋರಿಸಿ ಅಂತ ಕೇಳಿ. ಸಾವಿನ ಗಲಾಟೆಯಲ್ಲಿ ಬಿಪಿ ಮಾತ್ರೆ ನಾಲ್ಕು ದಿನ ಬಿಟ್ಟವರನ್ನು ನಾನು ಎಷ್ಟೋ ಜನರನ್ನು ಕಂಡಿದ್ದೇನೆ. ಕೆಲವು ಮಾತ್ರೆ ದಿಢೀರ್ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲೆ ಜಿಗಿಯುತ್ತದೆ. ರಕ್ತ ತೆಳುವಾಗುವ ಮಾತ್ರೆ ಬಿಟ್ಟರೆ ಹಾಕಿದ ಸ್ಟೆಂಟ್ ಮುಚ್ಚಿಕೊಳ್ಳಬಹುದು. ಹೆಣದ ಮುಂದೆ ಕೂತವರಿಗೆ ಮಾತ್ರೆ ನುಂಗು ಅಂತ ಹೇಳೋಕೆ ನಮಗೆ ಸಂಕೋಚ, ಅಲ್ವಾ? ಹೇಳಿ. ನೀರಿನ ಲೋಟ ಹಿಡಿದುಕೊಂಡು ಹೋಗಿ ಹೇಳಿ.

ಎದೆ ನೋವು, ಬೆವರು, ಉಸಿರು ಕಟ್ಟುವುದು, ಎಡತೋಳು ಅಥವಾ ದವಡೆ ಹಿಡಿಯುವುದು ಇದ್ದರೆ, ಅದು ಸಂಕಟವೋ ಗ್ಯಾಸೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಮನೆಯಲ್ಲಿ ಡಾಕ್ಟರ್ ಒಬ್ಬ ಇದ್ದು ಅವನು ತೀರ್ಮಾನ ಮಾಡಿದರೂ ಕೇಳಬೇಡಿ. 108ಕ್ಕೆ ಫೋನ್ ಮಾಡಿ. ಟಾಕೊಟ್ಸುಬೊನೋ ಅಟ್ಯಾಕೋ ಅಂತ ಇಸಿಜಿ ನೋಡಿ ನಮಗೂ ಹೇಳೋಕೆ ಬರುವುದಿಲ್ಲ, ಆಂಜಿಯೋಗ್ರಾಂ ಬೇಕು.

ಭಾಷಣ ಇಷ್ಟೇ ಇತ್ತು. ಆಮೇಲೆ ಪ್ರಶ್ನೆಗಳು. ಒಬ್ಬರು ದುಃಖಕ್ಕೆ ಮಾತ್ರೆ ಇದೆಯಾ ಎಂದರು. ದುಃಖಕ್ಕಿಲ್ಲ, ಆದರೆ ತಿಂಗಳುಗಟ್ಟಲೆ ಏಳಲಾಗದ ಹಾಗೆ ಅದು ಖಿನ್ನತೆಯಾದರೆ ಇದೆ, ನಾಚಿಕೆ ಪಡಬೇಡಿ ಎಂದೆ. ಇನ್ನೊಬ್ಬರು ಮಗಳು ಬೇರೆ ಜಾತಿಯವನನ್ನು ಮದುವೆಯಾದ ದುಃಖಕ್ಕೂ ಹೀಗಾಗುತ್ತಾ ಎಂದು ಕೇಳಿದರು. ಅಳಿಯನನ್ನು ಒಮ್ಮೆ ಊಟಕ್ಕೆ ಕರೆಯಿರಿ, ಬಿಪಿ ಇಳಿಯಬಹುದು ಎಂದೆ. ಸಭೆ ನಕ್ಕಿತು, ಅವರು ನಗಲಿಲ್ಲ.

ಎಲ್ಲರೂ ಎದ್ದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದರು. ನಿವೃತ್ತ ಮೇಷ್ಟ್ರು. ನಾಲ್ಕು ತಿಂಗಳ ಹಿಂದೆ ಅವರ ಹೆಂಡತಿ ತೀರಿಕೊಂಡಿದ್ದರು. "ಡಾಕ್ಟ್ರೇ, ಯಾವ ಮಾತ್ರೆ ಯಾವ ಹೊತ್ತಿಗೆ ಅಂತ ನನಗೆ ಗೊತ್ತಾಗ್ತಿಲ್ಲ. ಕೆಲವು ಬಿಟ್ಟೇಬಿಟ್ಟಿದ್ದೀನಿ" ಎಂದರು, ತುಂಬಾ ಮೆಲ್ಲಗೆ. ನಾಳೆ ಡಬ್ಬಿ ತಗೊಂಡು ಬನ್ನಿ ಮೇಷ್ಟ್ರೇ ಎಂದೆ.

ಮಾರನೇ ದಿನ ಬಂದರು. ಹಳೇ ಬಿಸ್ಕತ್ತಿನ ಟಿನ್. ತಳದಲ್ಲಿ ಖಾಲಿಯಾದ ಸ್ಟ್ರಿಪ್‌ಗಳನ್ನೂ ಎಸೆಯದೆ ಇಟ್ಟುಕೊಂಡಿದ್ದರು. ಅವುಗಳ ಹಿಂದೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪ ಅಕ್ಷರ, "ಬೆಳಿಗ್ಗೆ", "ರಾತ್ರಿ", "ಊಟಕ್ಕೆ ಮುಂಚೆ". ಮೇಲಿದ್ದ ಹೊಸ ಸ್ಟ್ರಿಪ್‌ಗಳ ಮೇಲೆ ಏನೂ ಬರೆದಿರಲಿಲ್ಲ. ಕಂಪೌಂಡರ್ ಹತ್ತಿರ ಸ್ಕೆಚ್ ಪೆನ್ನು ಇದೆಯಾ ಎಂದು ಕೇಳಿದೆ. ನೀಲಿ ಇತ್ತು.